ಕುಣಿಯೊಳಗಿನ ನಳ



ಕಳೆದ ಸಂಚಿಕೆಯಲ್ಲಿ ವರ್ಷದ ಜೋಳವನ್ನು ಹುಳ ಬೀಳದಂತೆ ಕಾಪಾಡುವ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆವು. ಈ ತಿಂಗಳು ನೀರಿನ ಮಾತು. ನೀರಿನ ಮಾತೆಂದರೆ ಬರಗಾಲ, ಜಲಾಶಯ ಎಂಬ ದೊಡ್ಡ ವಿಷಯಗಳಲ್ಲ. ನಮ್ಮ ಮನೆಯ ಅಂಗಳದಲ್ಲಿರುವ ಒಂದು ನಳವನ್ನು ಇಪ್ಪತ್ತಾರು ಫೂಟು ದೂರಕ್ಕೆ ಸರಿಸಿದ ಸಣ್ಣ ಸಂಗತಿ. ಇಂಥದ್ದನ್ನು ಪತ್ರಿಕೆಯಲ್ಲಿ ಬರೆಯಬೇಕೇ ಎಂದು ಕೆಲವರು ಕೇಳಬಹುದು. ಪೂರ್ತಿ ಓದಿದ ಮೇಲೆ ನಿಮ್ಮ ಮನೆಯ ನಳವನ್ನು ಒಮ್ಮೆ ಹೋಗಿ ನೋಡಿ ಬನ್ನಿರಿ, ಆಮೇಲೆ ಕೇಳಿರಿ ಎಂಬುದೇ ನಮ್ಮ ವಿನಂತಿ.

ನಮ್ಮದು ಸೊಲ್ಲಾಪುರದ ಹಳೆಯ ಪೇಟೆಯಲ್ಲಿ ತಂದೆಯವರು ಕಟ್ಟಿಸಿದ ಮನೆ. ನಮ್ಮ ವ್ಯಾಪಾರ ಕಾಳುಕಡಿಯದು. ಈ ಊರಿಗೆ ನೀರು ದೂರದಿಂದ ಬರಬೇಕು. ಭೀಮಾ ನದಿಗೆ ಕಟ್ಟಿ 1980ರಲ್ಲಿ ಮುಗಿದ ಉಜನಿ ಜಲಾಶಯವೇ ದೊಡ್ಡ ಆಧಾರ. ದಿನ ಬಿಟ್ಟು ದಿನ ನೀರು ಬಂದ ಕಾಲವನ್ನೂ ಕಂಡಿದ್ದೇವೆ, ಮೂರು ದಿನಕ್ಕೊಮ್ಮೆ ಬಂದ ಕಾಲವನ್ನೂ ಕಂಡಿದ್ದೇವೆ, ಬಿರು ಬೇಸಿಗೆಯಲ್ಲಿ ಐದನೆಯ ದಿನಕ್ಕೆ ಬಂದದ್ದನ್ನೂ ಕಂಡಿದ್ದೇವೆ. 1972ರ ಬರಗಾಲದಲ್ಲಿ ನಾವು ಹನ್ನೆರಡು ವರ್ಷದವರು. ತಾಯಿಯವರ ಹಿಂದೆ ಚಿಕ್ಕ ತಂಬಿಗೆ ಹಿಡಿದುಕೊಂಡು ಪಾಳಿಯಲ್ಲಿ ನಿಂತದ್ದು ಇನ್ನೂ ನೆನಪಿದೆ. ಆದ್ದರಿಂದ 1978ರಲ್ಲಿ ಮನೆಯ ಅಂಗಳಕ್ಕೇ ನಳ ಬಂದಾಗ ತಂದೆಯವರು ಪೇಟೆಯವರಿಗೆಲ್ಲ ಪೇಢೆ ಹಂಚಿದ್ದರು.

ಆ ನಳವನ್ನು ತಂದೆಯವರು ಬಾಗಿಲ ಹತ್ತಿರ ನೆಲದಿಂದ ಒಂದು ಫೂಟು ಕೆಳಗೆ ಕೂಡಿಸಿದ್ದರು. ಕೆಳಗಿದ್ದಷ್ಟೂ ನೀರು ಜೋರಾಗಿ ಬರುತ್ತದೆ ಎಂಬುದು ನಮ್ಮ ಕಡೆಯ ಎಲ್ಲರ ತಿಳಿವಳಿಕೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಯಾವ ಊರಿಗೆ ಹೋದರೂ ಹಳೆಯ ಮನೆಗಳ ಮುಂದೆ ಇಂಥ ನಳದ ಕುಣಿಗಳನ್ನು ಕಾಣಬಹುದು. ವರ್ಷಗಳು ಕಳೆದಂತೆ ನೀರಿನ ಧಾರೆ ಸಣ್ಣದಾಯಿತು. 2003ರಲ್ಲಿ ನಾವು ಕುಣಿಯನ್ನು ಎರಡೂವರೆ ಫೂಟಿಗೆ ಇಳಿಸಿದೆವು, ಸುತ್ತ ಶಹಾಬಾದ ಫರಸಿ ನಿಲ್ಲಿಸಿದೆವು, ಇಳಿಯಲು ಒಂದು ಮೆಟ್ಟಿಲು ಮಾಡಿಸಿದೆವು. ಬಹಳ ಜಾಣತನ ಮಾಡಿದೆವೆಂದು ತಿಳಿದುಕೊಂಡೆವು. ಬಳಕೆಯ ನೀರು ರಬ್ಬರ ನಳಿಕೆಯಿಂದ ಟಾಕಿಗೆ ಹೋಗುತ್ತಿತ್ತು. ಕುಡಿಯುವ ಮತ್ತು ಅಡಿಗೆಯ ನೀರನ್ನು ಮಾತ್ರ ನಮ್ಮ ಮನೆಯವರು ಕೊಡದಲ್ಲಿ ತುಂಬಿ ಒಳಗೆ ಒಯ್ಯುತ್ತಿದ್ದರು. ಹೀಗೆ ಇಪ್ಪತ್ತು ವರ್ಷ ನಡೆಯಿತು.

2023ರ ಭಾದ್ರಪದದಲ್ಲಿ, ದಶಲಕ್ಷಣ ಪರ್ವ ಇನ್ನು ನಾಲ್ಕು ದಿನವಿರುವಾಗ, ಮುಂಜಾನೆ ನಾಲ್ಕೂವರೆಗೆ ನೀರು ಬಂತು. ರಾತ್ರಿ ಮಳೆಯಾಗಿತ್ತು. ಕುಣಿಯ ಮೆಟ್ಟಿಲಿಗೆ ಪಾಚಿ ಹಿಡಿದಿತ್ತು. ತುಂಬಿದ ಕೊಡ ಎತ್ತಿಕೊಂಡು ಮೇಲೆ ಹತ್ತುವಾಗ ಮನೆಯವರ ಕಾಲು ಜಾರಿತು. ಕೊಡ ಬಿದ್ದ ಸದ್ದಿಗೆ ನಮಗೆ ಎಚ್ಚರವಾಯಿತು. ಹೋಗಿ ನೋಡಿದರೆ ಅವರು ಕುಣಿಯೊಳಗೆ ಗೋಡೆಗೆ ಆನಿಸಿಕೊಂಡು ಕುಳಿತಿದ್ದರು. ಎಲುಬು ಮುರಿದಿರಲಿಲ್ಲ, ಅದು ಪುಣ್ಯ. ಆದರೆ ಸೊಂಟಕ್ಕೆ ಬಲವಾದ ಪೆಟ್ಟು ಬಿದ್ದಿತ್ತು. ಡಾಕ್ಟರರು ಮೂರು ವಾರ ಮಲಗಿಯೇ ಇರಬೇಕೆಂದರು. ಪ್ರತಿ ವರ್ಷ ಹತ್ತು ದಿನವೂ ಬಸದಿಗೆ ಹೋಗಿ ಪೂಜೆಗೆ ಕೂಡುವವರು ಆ ವರ್ಷ ಹಾಸಿಗೆಯ ಮೇಲೆಯೇ ಜಪಮಾಲೆ ಹಿಡಿದುಕೊಂಡರು.

ಮಗ-ಸೊಸೆ ಆಗ ನೌಕರಿಯ ಸಲುವಾಗಿ ಪುಣೆಯಲ್ಲಿದ್ದರು. ಹೀಗಾಗಿ ನೀರು ತುಂಬುವ ಕೆಲಸ ನಮ್ಮ ಪಾಲಿಗೆ ಬಂತು. ಓದುಗರ ಮುಂದೆ ಸುಳ್ಳೇಕೆ? 1985ರಲ್ಲಿ ನಮ್ಮ ಮದುವೆಯಾದಂದಿನಿಂದ ಆ ದಿನದವರೆಗೆ ನಾವು ಕುಡಿಯುವ ನೀರಿನ ಒಂದು ಕೊಡವನ್ನೂ ತುಂಬಿರಲಿಲ್ಲ. ಮೊದಲ ದಿನ ಐದು ಕೊಡ ತುಂಬಿದೆವು. ಎರಡನೆಯ ಪಾಳಿಗೆ ನಮ್ಮ ಸೊಂಟವೇ ಮೇಲೇಳಲಿಲ್ಲ. ಅಂಗಡಿಯಿಂದ ಒಬ್ಬ ಹಮಾಲನನ್ನು ಕರೆಸಿದೆವು. ಕ್ವಿಂಟಲ್ ಚೀಲವನ್ನು ಬೆನ್ನ ಮೇಲೆ ಹೊತ್ತು ನಡೆಯುವ ಗಟ್ಟಿ ಮನುಷ್ಯ. ಅವನು ಕುಣಿಯಲ್ಲಿ ಇಳಿದು, ನಾಲ್ಕು ಕೊಡ ತೆಗೆದು, ಬೆವರು ಒರೆಸಿಕೊಳ್ಳುತ್ತ ಅಂದದ್ದು ಇಷ್ಟು:

“ಸಾವುಕಾರ್ರೀ, ಅಂಗಡ್ಯಾಗ ನಮಗ ಕಟ್ಟಿ ಕಟ್ಟಿಸಿಕೊಟ್ಟೀರಿ. ಮನ್ಯಾಗ ಅವ್ವಾರಿಗೆ ಕುಣಿ ತೋಡಿಸಿಕೊಟ್ಟೀರಲ್ರೀ.”

ಅವನು ನಗುತ್ತಲೇ ಅಂದ. ನಮಗೆ ನಗಲು ಆಗಲಿಲ್ಲ. ನಮ್ಮ ಅಂಗಡಿಯ ಮುಂದಿನ ಕಟ್ಟೆಯನ್ನು ಲಾರಿಯ ಹಲಗೆಯ ಎತ್ತರಕ್ಕೆ ಸರಿಯಾಗಿ ಕಟ್ಟಿಸಿದ್ದೇವೆ. ಚೀಲವನ್ನು ನೆಲದಿಂದ ಎತ್ತುವ ಪ್ರಸಂಗ ಹಮಾಲರಿಗೆ ಬರಬಾರದು, ಬಂದರೆ ಕೆಲಸ ತಡವಾಗುತ್ತದೆ, ಮೈಗೆ ನೋವಾಗುತ್ತದೆ ಎಂಬ ಲೆಕ್ಕ ನಮಗೆ ಚೆನ್ನಾಗಿ ಗೊತ್ತಿತ್ತು. ಆ ರಾತ್ರಿ ಕೀರ್ದಿ ಬರೆಯುವಾಗ ಒಂದು ಹಾಳೆಯ ಮೇಲೆ ಮನೆಯ ಲೆಕ್ಕವನ್ನೂ ಹಾಕಿ ನೋಡಿದೆವು. ಮೂರು ದಿನಕ್ಕೊಂದು ಪಾಳಿ ಎಂದು ಹಿಡಿದರೆ ವರ್ಷಕ್ಕೆ ಸುಮಾರು 120 ಪಾಳಿ. ಪಾಳಿಗೆ 12 ಕೊಡದಂತೆ ವರ್ಷಕ್ಕೆ 1,440 ಕೊಡ. ಇಪ್ಪತ್ತು ವರ್ಷಕ್ಕೆ 28,800 ಕೊಡ. ಕೊಡಕ್ಕೆ 15 ಲೀಟರ್ ಎಂದರೆ 15 ಕಿಲೋ ಭಾರ. ಒಟ್ಟು 4,320 ಕ್ವಿಂಟಲ್. ನೂರು ಕ್ವಿಂಟಲಿನ ಲಾರಿ ಎಂದರೆ ನಲವತ್ತಮೂರು ಲಾರಿ ತುಂಬುವಷ್ಟು ಭಾರವನ್ನು ಒಬ್ಬ ಹೆಣ್ಣುಮಗಳು ನೆಲದ ಕೆಳಗಿನಿಂದ ಮೇಲೆತ್ತಿದ್ದಾಳೆ. ಹಮಾಲಿ ಒಂದು ಪೈಸೆ ಇಲ್ಲ. ಅಂಗಡಿಯಲ್ಲಿ ಒಂದು ಚೀಲದ ಹಮಾಲಿಯನ್ನೂ ಬಾಕಿ ಉಳಿಸಿಕೊಳ್ಳದ ನಮಗೆ ಈ ಲೆಕ್ಕ ಕಂಡದ್ದು ಅಂದೇ.

ನಳ ಮೇಲೆತ್ತಬೇಕೆಂದು ನಿಶ್ಚಯಿಸಿದೆವು. ಆದರೆ ಮೇಲೆತ್ತಿದರೆ ನೀರು ಬರುತ್ತದೆಯೇ? ಅದೇ ಸಂಶಯದಿಂದ ಇಷ್ಟು ವರ್ಷ ಸುಮ್ಮನಿದ್ದೆವು. ದೀಪಾವಳಿಗೆ ಬಂದ ಮಗ ಒಂದು ಸುಲಭ ಪರೀಕ್ಷೆ ಹೇಳಿದ. ಗೌಂಡಿಗಳು ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ನಳಿಕೆ ಬಳಸುತ್ತಾರಲ್ಲ, ಅದನ್ನು ಹದಿನೈದು ಫೂಟು ತಂದೆವು. ನೀರು ಬಂದ ಹೊತ್ತಿಗೆ ಅದರ ಒಂದು ತುದಿಯನ್ನು ನಳದ ಬಾಯಿಗೆ ಗಟ್ಟಿಯಾಗಿ ಕಟ್ಟಿ, ಇನ್ನೊಂದು ತುದಿಯನ್ನು ಏಣಿಯ ಮೇಲೆ ಎತ್ತಿ ಹಿಡಿದೆವು. ನಳ ಪೂರ್ತಿ ತೆರೆದಾಗ ನಳಿಕೆಯೊಳಗೆ ನೀರು ಏರುತ್ತ ಹೋಗಿ ಒಂದು ಕಡೆ ನಿಂತಿತು. ಅಲ್ಲಿಯವರೆಗೆ ನೀರಿಗೆ ಏರುವ ಶಕ್ತಿ ಇದೆ ಎಂದು ಅರ್ಥ. ಪ್ರತಿ ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಬೇಕು ಎಂದು ಶಾಲೆಯಲ್ಲಿ ಓದಿದ್ದು ಅಂದು ಕಣ್ಣಿಗೆ ಕಂಡಿತು. ನಮ್ಮಲ್ಲಿ ಮೊದಲಿಗೆ ನಳದಿಂದ ಹನ್ನೊಂದು ಫೂಟು ಏರಿತು. ನೀರು ನಿಲ್ಲುವ ಹೊತ್ತಿಗೂ ಏಳು ಫೂಟಿನ ಕೆಳಗೆ ಇಳಿಯಲಿಲ್ಲ. ಕುಣಿಯ ಎರಡೂವರೆ ಫೂಟು ಕಳೆದರೂ ಅಂಗಳದ ನೆಲದಿಂದ ನಾಲ್ಕೂವರೆ ಫೂಟು ಉಳಿಯಿತು. ಎಂದರೆ ಕುಣಿಯ ಅವಶ್ಯಕತೆಯೇ ಇರಲಿಲ್ಲ.

ಹಾಗಾದರೆ ಧಾರೆ ಸಣ್ಣದೇಕೆ? ಒಂದು ಕೊಡ ತುಂಬಲು ಮೂರು ನಿಮಿಷ ಹತ್ತು ಸೆಕೆಂಡು ಹಿಡಿಯುತ್ತದೆ ಎಂದು ಮೊಮ್ಮಗ ಮೊಬೈಲಿನಲ್ಲಿ ಎಣಿಸಿ ಹೇಳಿದ. ಉತ್ತರ ಸಿಕ್ಕಿದ್ದು ಹಳೆಯ ಪೈಪನ್ನು ಕತ್ತರಿಸಿದ ಮೇಲೆ. ಮೀಟರಿನಿಂದ ಕುಣಿಯವರೆಗಿನ ಹನ್ನೆರಡು ಫೂಟು ಪೈಪು ತಂದೆಯವರ ಕಾಲದ ಕಬ್ಬಿಣದ್ದು. ಅದರ ಒಳಗಿನ ಸತುವಿನ ಲೇಪ ಹೋಗಿ, ತುಕ್ಕು ಗಂಟು ಗಂಟಾಗಿ ಕಟ್ಟಿ, ಅರ್ಧ ಇಂಚಿನ ದಾರಿಯಲ್ಲಿ ಸೀಸದ ಕಡ್ಡಿ ಮಾತ್ರ ತೂರುವಷ್ಟು ಸಂದು ಉಳಿದಿತ್ತು. ಇದನ್ನು ಓದುಗರು ಲಕ್ಷ್ಯಕ್ಕೆ ತೆಗೆದುಕೊಳ್ಳಬೇಕು. ನಳಿಕೆಯ ಪರೀಕ್ಷೆಯಲ್ಲಿ ನೀರು ಎತ್ತರಕ್ಕೆ ಏರಿದರೂ ಕೊಡ ತಡವಾಗಿ ತುಂಬುತ್ತಿದ್ದರೆ ದೋಷ ಒತ್ತಡದಲ್ಲಿಲ್ಲ, ದಾರಿಯಲ್ಲಿದೆ. ಏರುವುದೇ ಇಲ್ಲವಾದರೆ ದೋಷ ಒತ್ತಡದಲ್ಲಿದೆ, ಆಗ ನಳ ಮೇಲೆತ್ತಿ ಪ್ರಯೋಜನವಿಲ್ಲ, ನೆಲದೊಳಗೆ ಟಾಕಿ ಕಟ್ಟಿಸುವ ವಿಚಾರ ಮಾಡಬೇಕು. ನಾವು ತುಕ್ಕಿನ ರೋಗಕ್ಕೆ ಕುಣಿಯ ಔಷಧ ಮಾಡಿದ್ದೆವು. ಎರಡೂ ಸಂದರ್ಭದಲ್ಲಿ ಮಾಡಬಾರದ ಕೆಲಸವೆಂದರೆ ಸರಕಾರಿ ನಳಕ್ಕೆ ನೇರವಾಗಿ ಮೋಟಾರು ಹಚ್ಚುವುದು. ಅದು ಕಾಯದೆಗೂ ವಿರುದ್ಧ, ನೆರೆಯವರ ಪಾಲನ್ನೂ ಕಸಿಯುತ್ತದೆ, ಸೋರುವ ಜೋಡಣೆಗಳಿಂದ ಹೊಲಸನ್ನೂ ಒಳಗೆ ಎಳೆಯುತ್ತದೆ.

ಹೊಲಸಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ನೀರು ನಿಂತ ಮೇಲೆ ನಳ ತೆರೆದು ಬಾಯಿಗೆ ಕಿವಿ ಹಚ್ಚಿದರೆ ಸೂಂ ಎಂದು ಗಾಳಿ ಒಳಗೆ ಹೋಗುವ ಸದ್ದು ಕೇಳುತ್ತದೆ. ಪೈಪಿನ ನೀರು ಹಿಂದೆ ಸರಿಯುವಾಗ ನಳ ಎಳೆದುಕೊಳ್ಳುತ್ತದೆ. ಆಗ ನಳದ ಬಾಯಿ ಕುಣಿಯಲ್ಲಿ ನಿಂತ ನೀರಿನಲ್ಲಿ ಮುಳುಗಿದ್ದರೆ ಅದನ್ನೇ ಎಳೆದುಕೊಳ್ಳುತ್ತದೆ. ಮುಂದಿನ ಪಾಳಿಯ ಮೊದಲ ಕೊಡದಲ್ಲಿ ಅದೇ ನೀರು ಬರುತ್ತದೆ. ಮಳೆಗಾಲದಲ್ಲಿ ಗಟಾರಿನ ನೀರು ನಮ್ಮ ಕುಣಿಗೆ ಇಳಿದದ್ದುಂಟು. ಕಾಮಾಲೆ, ವಿಷಮಶೀತಜ್ವರ, ವಾಂತಿ-ಭೇದಿ ಇವೆಲ್ಲ ಹೀಗೆಯೇ ಮನೆಗೆ ಬರುವವು. ಬಕೆಟ್ಟಿನಲ್ಲಿ ರಬ್ಬರ ನಳಿಕೆ ಮುಳುಗಿಸಿಟ್ಟು ಮರೆಯುವುದೂ ಇಂಥದೇ ತಪ್ಪು. ನಳದ ಬಾಯಿ ಯಾವಾಗಲೂ ಪಾತ್ರೆಯ ಅಂಚಿಗಿಂತ ಮೇಲೆ, ಗಾಳಿಯಲ್ಲಿ ಇರಬೇಕು.

ನಮ್ಮ ಮನೆಗಳಲ್ಲಿ ನೀರನ್ನು ಗಾಳಿಸದೆ ಕುಡಿಯುವುದಿಲ್ಲ. ಆದರೆ ಕುಣಿಯ ನಳಕ್ಕೆ ಅರಿವೆ ಕಟ್ಟಿದರೆ ಅದು ಕೆಸರಿಗೆ ತಾಗುತ್ತಿತ್ತು. ಹೀಗಾಗಿ ಒಳಗೆ ಒಯ್ದು ಮತ್ತೊಂದು ಪಾತ್ರೆಗೆ ಬಗ್ಗಿಸಿ ಗಾಳಿಸಬೇಕಾಗುತ್ತಿತ್ತು, ಎರಡು ಸಾರೆ ಶ್ರಮ. ಗಾಳಿಸಿದರೆ ಕಣ್ಣಿಗೆ ಕಾಣುವ ಜೀವಿಗಳು ಬೇರೆಯಾಗುತ್ತವೆ. ಗಟಾರಿನಿಂದ ಬಂದ ರೋಗಾಣುಗಳು ಅರಿವೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಗಾಳಿಸಿ, ಕುದಿಸಿ, ಆರಿಸಿ ಕುಡಿಯುವ ನಮ್ಮ ಹಿರಿಯರ ಪದ್ಧತಿಯನ್ನು ಬಿಡಬಾರದು. ಜೊತೆಗೆ ನಳದ ಸ್ಥಳವನ್ನೂ ಶುದ್ಧವಾಗಿಡಬೇಕು.

ಇನ್ನು ನಳ ಎಲ್ಲಿಗೆ ಸರಿಸಬೇಕು ಎಂಬ ಪ್ರಶ್ನೆ. ನಾವೂ ಮಗನೂ ಅಂಗಳದಲ್ಲಿ ಟೇಪು ಹಿಡಿದು ಅಳೆದು, ಮೀಟರಿನ ಬದಿಯ ಗೋಡೆಗೇ ಹಚ್ಚುವುದೆಂದು ಸೀಮೆಸುಣ್ಣದಿಂದ ಗುರುತು ಹಾಕಿದೆವು. ಪೈಪು ಹನ್ನೆರಡು ಫೂಟಿನಲ್ಲಿ ಮುಗಿಯುತ್ತಿತ್ತು. ಮನೆಯವರು ಅಷ್ಟರಲ್ಲಿ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದರು. ಬಾಗಿಲಲ್ಲಿ ನಿಂತು ನೋಡಿ, “ನೀರು ತುಂಬಾಕಿ ನಾನು. ನನ್ನ ಕೇಳಿದ್ರೇನ್ರೀ?” ಅಂದರು. ಕೇಳಿರಲಿಲ್ಲ. ನಾವು ಗುರುತು ಹಾಕಿದ ಜಾಗದಿಂದ ಅಡಿಗೆಮನೆಗೆ ಹೋಗಬೇಕಾದರೆ ಎರಡು ಮೆಟ್ಟಿಲು, ಒಂದು ಹೊಸ್ತಿಲು. ಅಲ್ಲದೆ ಬೀದಿಯ ದೀಪ ಅಲ್ಲಿಗೆ ಮುಟ್ಟುವುದಿಲ್ಲ. ಮುಂಜಾನೆ ನಾಲ್ಕಕ್ಕೆ ಹೋಗಿ ಬರುವವರಿಗೆ ಅದು ಗೊತ್ತು, ನಮಗೆ ಗೊತ್ತಿರಲಿಲ್ಲ. ಅವರು ತೋರಿಸಿದ ಜಾಗ ಹಿತ್ತಲ ಬಾಗಿಲಿನ ಪಕ್ಕ. ಅಲ್ಲಿಂದ ಅಡಿಗೆಮನೆಯವರೆಗೆ ನೆಲ ಸಪಾಟು, ಬಾಗಿಲ ಮೇಲೆ ದೀಪ, ಗಟಾರು ದೂರ. ಆದರೆ ಪೈಪು ಇಪ್ಪತ್ತಾರು ಫೂಟು ಆಗುತ್ತದೆ. ಹದಿನಾಲ್ಕು ಫೂಟು ಹೆಚ್ಚಿನ ಪೈಪಿಗೆ ನಾಲ್ಕು ನೂರು ರೂಪಾಯಿ ಹೆಚ್ಚಾಗುತ್ತದಲ್ಲ ಎಂದು ನಮ್ಮ ಬಾಯಿಂದ ಬಂದುಬಿಟ್ಟಿತು. ಅಂದ ಮೇಲೆ ನಮಗೇ ನಾಚಿಕೆಯಾಯಿತು. ವ್ಯಾಪಾರಿಯ ನಾಲಿಗೆ, ಏನು ಮಾಡುವುದು!

ಎತ್ತರವನ್ನೂ ಅವರೇ ನಿಶ್ಚಯಿಸಿದರು. “ನಾ ನಿಂತು ತೋರಸ್ತೀನಿ, ನೀವು ಗೆರಿ ಹೊಡೀರಿ” ಎಂದು ಗೋಡೆಯ ಪಕ್ಕ ನಿಂತರು. ಕೊಡ ಕೂಡುವ ಕಟ್ಟೆ ನೆಲದಿಂದ ಒಂದೂವರೆ ಫೂಟು, ನಳದ ಬಾಯಿ ಕಟ್ಟೆಯಿಂದ ಒಂದೂವರೆ ಫೂಟು ಮೇಲೆ ಬಂತು. ಹೀಗಿದ್ದರೆ ಬೆನ್ನು ಬಗ್ಗಿಸದೆ ಕೊಡವನ್ನು ಸೊಂಟಕ್ಕೆ ಎಳೆದುಕೊಳ್ಳಬಹುದು. ಸೊಸೆ ಎತ್ತರವಾಗಿದ್ದಾಳೆ, ಅವಳೂ ನಿಂತು ನೋಡಿ ಒಪ್ಪಿದಳು. ನಿಮ್ಮ ಮನೆಯ ಅಳತೆ ಬೇರೆ ಇರಬಹುದು. ಟೇಪಿನಿಂದಲ್ಲ, ತುಂಬುವವರನ್ನು ನಿಲ್ಲಿಸಿ ಅಳೆಯಿರಿ.

ಕೆಲಸವನ್ನು ಚಾತುರ್ಮಾಸ ಮುಗಿದ ಮೇಲೆ ಹಿಡಿದೆವು. ಹಸಿ ನೆಲ ಅಗೆಯುವಾಗ ಆಗುವ ಜೀವಹಿಂಸೆ ಒಣ ನೆಲದಲ್ಲಿ ಕಡಿಮೆ. ನೀರು ಬಾರದ ದಿನ ಕೆಲಸ ಮಾಡುವುದರಲ್ಲಿ ಇನ್ನೊಂದು ಅನುಕೂಲವಿದೆ, ಹಳೆಯ ಮನೆಗಳಲ್ಲಿ ನೀರು ಬಂದ್ ಮಾಡುವ ವಾಲ್ವ್ ಇರುವುದಿಲ್ಲ. ಆದರೂ ಹೊಸ ಪೈಪಿಗೆ ಮೀಟರಿನ ನಂತರ ಒಂದು ಹಿತ್ತಾಳೆಯ ಬಾಲ್ ವಾಲ್ವ್, ಅದರ ಬದಿಗೆ ಒಂದು ಯೂನಿಯನ್ ಹಾಕಿಸಿದೆವು. ಮುಂದೆ ಎಂದಾದರೂ ಬಿಚ್ಚಬೇಕಾದರೆ ಎಲ್ಲವನ್ನೂ ಕತ್ತರಿಸುವ ಕೆಲಸವಿಲ್ಲ. ಮೀಟರಿನ ಹೊರಗಿನ ಪೈಪು ನಮ್ಮದಲ್ಲ, ಅದನ್ನು ಮುಟ್ಟಬೇಕಾದರೆ ಪರವಾನಿಗೆ ಬೇಕು. ನಮ್ಮ ಓಣಿಯಲ್ಲಿ ಹೊಸ ಲೈನು ಹಾಕಿದಾಗ ಆ ತುಂಡು ಬದಲಾಗಿತ್ತು, ನಮ್ಮ ಪಾಲಿನದು ಮಾತ್ರ ಹಳೆಯದು ಉಳಿದಿತ್ತು.

ಇಲ್ಲಿ ಒಂದು ತಪ್ಪು ಮಾಡಿದೆವು. ಮಗನಿಗೆ ತಾನೇ ಮಾಡಬೇಕೆಂಬ ಹುಮ್ಮಸ್ಸು. ಕುಣಿಯಲ್ಲಿ ಇಳಿದು ಒಂದೇ ಪಾನಾ ಹಚ್ಚಿ ಹಳೆಯ ಎಲ್ಬೋವನ್ನು ತಿರುಗಿಸಿದ. ತುಕ್ಕು ಹಿಡಿದ ಎಲ್ಬೋ ಬಿಚ್ಚಲಿಲ್ಲ, ಅದರ ಬದಲು ಇಡೀ ಪೈಪೇ ತಿರುಗಿತು. ಮೀಟರಿನ ಹತ್ತಿರದ ಜೋಡಣೆ ಸಡಿಲಾದದ್ದು ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಮುಂಜಾನೆ ನೀರು ಬಂದಾಗ ಬಾಗಿಲಲ್ಲಿ ಕಾರಂಜಿ! ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಮೇಲೆ ಹಗ್ಗ ಬಿಗಿದು, ಅದನ್ನು ಹಿಡಿದುಕೊಂಡು ಒಂದು ತಾಸು ಕುಳಿತೆವು. ಆಮೇಲೆ ನಳದ ಕೆಲಸದವನನ್ನು ಕರೆಸಿದೆವು. ಅವನು ನೋಡಿ, “ಹಳೇ ಪೈಪ ಅಂದ್ರ ಹಳೇ ಹಲ್ಲಿದ್ಹಂಗ್ರೀ. ಒಂದನ್ನ ಅಲ್ಲಾಡಿಸಿದ್ರ ಬಾಜೂದ್ದೂ ಅಲ್ಲಾಡತೈತಿ” ಅಂದ. ಒಂದು ಪಾನಾದಿಂದ ಪೈಪನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದರಿಂದ ಮಾತ್ರ ತಿರುಗಿಸಬೇಕು. ಎರಡು ಪಾನಾ ಇಲ್ಲದಿದ್ದರೆ ಹಳೆಯ ಪೈಪಿಗೆ ಕೈ ಹಚ್ಚಬಾರದು. ಮೀಟರಿನ ಜೋಡಣೆಯನ್ನು ಅವನಿಗೇ ಒಪ್ಪಿಸಿ, ಉಳಿದದ್ದನ್ನು ಮನೆಯಲ್ಲಿ ಮಾಡಿದೆವು.

ಪೈಪಿನ ಚರ ಒಂದೂವರೆ ಫೂಟು ಆಳ ತೆಗೆದು, ಕೆಳಗೆ ಉಸುಕು ಹಾಸಿದೆವು. ಗಟಾರಿನ ಪೈಪು ಇರುವ ಚರದಲ್ಲಿ ಕುಡಿಯುವ ನೀರಿನ ಪೈಪು ಹಾಕಬಾರದು. ದಾಟಲೇಬೇಕಾದರೆ ಕುಡಿಯುವ ನೀರಿನದು ಮೇಲೆ ಇರಬೇಕು. ನೆಲದೊಳಗೆ ಮುಕ್ಕಾಲು ಇಂಚಿನ ಪ್ಲಾಸ್ಟಿಕ್ ಪೈಪು ಹಾಕಿದೆವು, ತುಕ್ಕಿನ ಭಯವಿಲ್ಲ, ದಾರಿ ದೂರವಾದ್ದರಿಂದ ಅರ್ಧ ಇಂಚಿಗಿಂತ ದೊಡ್ಡದು ಒಳ್ಳೆಯದು. ನೆಲದ ಮೇಲೆ ಏಳುವ ತುಂಡು ಮಾತ್ರ ಕಬ್ಬಿಣದ್ದು. ಪ್ಲಾಸ್ಟಿಕ್ ಪೈಪು ಬಿಸಿಲಿಗೆ ಬಿದ್ದರೆ ವರ್ಷಗಳಲ್ಲಿ ಪೆಡಸಾಗಿ ಒಡೆಯುತ್ತದೆ, ನಮ್ಮ ಊರಿನ ಬಿಸಿಲು ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಅಲ್ಲದೆ ಜನ ನಳವನ್ನು ಎಳೆಯುತ್ತಾರೆ, ಬಕೆಟ್ಟು ತೂಗುಹಾಕುತ್ತಾರೆ. ಅದಕ್ಕೆ ಕಬ್ಬಿಣದ ತುಂಡನ್ನು ಗೋಡೆಗೆ ಎರಡು ಕಡೆ ಕ್ಲಾಂಪು ಹೊಡೆದು ಬಿಗಿದೆವು. ಕಬ್ಬಿಣಕ್ಕೂ ಪ್ಲಾಸ್ಟಿಕ್ಕಿಗೂ ನಡುವೆ ಹಿತ್ತಾಳೆಯ ಆಟೆಯುಳ್ಳ ಜೋಡಣೆಯನ್ನೇ ಕೊಳ್ಳಿರಿ, ಬರೀ ಪ್ಲಾಸ್ಟಿಕ್ ಆಟೆ ಬಿಗಿಯುವಾಗ ಸೀಳುತ್ತದೆ. ಬಿಳಿ ಟೇಪನ್ನು ಆಟೆ ತಿರುಗುವ ದಿಕ್ಕಿಗೇ ಸುತ್ತಬೇಕು, ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಅಂಟು ಹಚ್ಚಿದ ಜೋಡಣೆಗೆ ಒಂದು ದಿನ ವಿಶ್ರಾಂತಿ ಕೊಟ್ಟ ಮೇಲೆಯೇ ನೀರು ಬಿಡಬೇಕು.

ಮೊದಲು ಪಾಠ ಕಲಿತಿದ್ದರಿಂದ ಈ ಸಲ ಚರ ಮುಚ್ಚಲು ಅವಸರ ಮಾಡಲಿಲ್ಲ. ಎರಡು ಪಾಳಿ ನೀರು ಬರುವವರೆಗೆ ಎಲ್ಲ ಜೋಡಣೆ ತೆರೆದಿಟ್ಟು, ಕೆಳಗೆ ಹಳೆಯ ವೃತ್ತಪತ್ರ ಹಾಸಿ, ಕಾಗದ ತೊಯ್ದಿದೆಯೇ ಎಂದು ನೋಡಿದೆವು. ಒಂದು ಕಡೆ ಹನಿ ಕಂಡಿತು, ಬಿಗಿದೆವು. ಆಮೇಲೆ ಮಣ್ಣು ಮುಚ್ಚಿದೆವು. ಗೌಂಡಿ ಬಂದು ಕಟ್ಟೆ ಕಟ್ಟಿದ. ನೆಲಕ್ಕೆ ಪಾಲಿಶ್ ಮಾಡದ ಒರಟು ಫರಸಿಯನ್ನೇ ಹಾಸಿಸಿದೆವು, ನಯವಾದದ್ದು ಚೆಂದ ಕಾಣುತ್ತದೆ, ಕಾಲು ಜಾರಿಸುತ್ತದೆ. ನಾಲ್ಕು ಫೂಟಿಗೆ ಒಂದು ಇಂಚು ಇಳಿಜಾರು ಕೊಟ್ಟು, ಚೆಲ್ಲಿದ ನೀರು ನಿಲ್ಲದೆ ಕರಿಬೇವು ಮತ್ತು ಬಾಳೆಯ ಬುಡಕ್ಕೆ ಹೋಗುವಂತೆ ಮಾಡಿದೆವು. ನೀರು ನಿಂತರೆ ಸೊಳ್ಳೆ, ಸೊಳ್ಳೆ ಬಂದರೆ ಔಷಧ ಹೊಡೆಯುವ ಪ್ರಸಂಗ. ನಿಲ್ಲದಂತೆ ನೋಡಿಕೊಂಡರೆ ಎರಡೂ ಇಲ್ಲ. ಹಳೆಯ ಕುಣಿ ಮುಚ್ಚುವ ಮೊದಲು ಮೊಮ್ಮಗ ಇಳಿದು ಹುಡುಕಿ ಎರಡು ಕಪ್ಪೆಗಳನ್ನು ಮರದ ಮೊರದಲ್ಲಿ ಎತ್ತಿ ಬಾಳೆಯ ಬುಡಕ್ಕೆ ಬಿಟ್ಟ.

ಬಾಗಿಲ ನಳ ಹೋದದ್ದರಿಂದ ಒಂದು ಕೊರತೆ ಉಂಟಾಯಿತು. ನಿತ್ಯ ಕಾಯಿಪಲ್ಲೆ ಮಾರಲು ಬರುವ ಮುದುಕಿ, ಶಾಲೆಯಿಂದ ಮರಳುವ ಹುಡುಗರು, ನೀರು ಬಂದ ದಿನ ಅಲ್ಲಿ ಕುಡಿಯುತ್ತಿದ್ದರು. ಅದಕ್ಕೆ ಮನೆಯವರು ಬಾಗಿಲ ಒಳಬದಿಗೆ ಮಣ್ಣಿನ ಹರವಿ ಇಟ್ಟು, ಅರಿವೆ ಮುಚ್ಚಿ, ಉದ್ದ ಹಿಡಿಕೆಯ ಸೌಟು ಇಟ್ಟಿದ್ದಾರೆ. ಈಗ ನೀರು ಬಾರದ ದಿನವೂ ಅವರಿಗೆ ನೀರು ಸಿಗುತ್ತದೆ.

ಖರ್ಚಿನ ಲೆಕ್ಕ ಕೇಳುವವರಿಗಾಗಿ: ಪೈಪು ಮತ್ತು ಜೋಡಣೆ ಸಾಮಾನು 1,850 ರೂಪಾಯಿ, ಹಿತ್ತಾಳೆಯ ನಳ ಮತ್ತು ವಾಲ್ವ್ 980, ಸಿಮೆಂಟು-ಉಸುಕು-ಫರಸಿ 1,350, ನಳದ ಕೆಲಸದವನಿಗೆ 900, ಗೌಂಡಿ ಮತ್ತು ಆಳಿಗೆ 1,800. ಒಟ್ಟು 6,880. ಮನೆಯವರ ಸೊಂಟಕ್ಕೆ ಎಕ್ಸರೇ, ಔಷಧ, ಪಟ್ಟಿ, ಡಾಕ್ಟರ ಫೀ ಎಲ್ಲ ಸೇರಿ 9,350 ಆಗಿತ್ತು. ಕೊಡ ಈಗ ಒಂದು ನಿಮಿಷ ಇಪ್ಪತ್ತು ಸೆಕೆಂಡಿಗೆ ತುಂಬುತ್ತದೆ. ಕೊನೆಯ ಹತ್ತು ನಿಮಿಷ ಧಾರೆ ಸ್ವಲ್ಪ ಸಣ್ಣದಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ಹನ್ನೆರಡು ಕೊಡಗಳೂ ತುಂಬಿ ಒಳಗೆ ಹೋಗಿರುತ್ತವೆ.

ಹೊಸ ನಳದಲ್ಲಿ ಮೊದಲ ಪಾಳಿಯ ನೀರು ಬಂದ ಮುಂಜಾನೆ ನಾವೂ ಎದ್ದು ಹಿತ್ತಲ ಬಾಗಿಲಲ್ಲಿ ನಿಂತಿದ್ದೆವು. ಮನೆಯವರು ನಳದ ಬಾಯಿಗೆ ಬಿಳಿಯ ಎರಡು ಪದರಿನ ಅರಿವೆ ಕಟ್ಟಿದರು, ಕಟ್ಟೆಯ ಮೇಲೆ ಕೊಡ ಇಟ್ಟರು, ತುಂಬಿದ ಮೇಲೆ ನೆಟ್ಟಗೆ ನಿಂತುಕೊಂಡೇ ಸೊಂಟಕ್ಕೆ ಎಳೆದುಕೊಂಡರು. ಡಾಕ್ಟರರು ಅರ್ಧ ಕೊಡಕ್ಕಿಂತ ಹೆಚ್ಚು ಬೇಡ ಎಂದದ್ದನ್ನು ನೆನಪಿಸಿ ನಾವು ಕೊಡ ಇಸಿದುಕೊಂಡೆವು. ಅವರು ಖಾಲಿ ಕೈಯಲ್ಲಿ ಕಟ್ಟೆಯನ್ನು ಒಮ್ಮೆ ಮುಟ್ಟಿ ನೋಡಿ, “ಇಷ್ಟ ಸರಳ ಇತ್ತೇನ್ರೀ ಇದು?” ಎಂದು ಕೇಳಿದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಈ ಮಾತಿಗೆ ಉತ್ತರ ನಮ್ಮ ಹತ್ತಿರ ಇರಲಿಲ್ಲ. ಅಂದಿನಿಂದ ಹನ್ನೆರಡರಲ್ಲಿ ಎಂಟು ಕೊಡ ನಮ್ಮವು, ನಾಲ್ಕು ಅರ್ಧ ಕೊಡ ಅವರವು.

ಓದುಗ ಬಂಧುಗಳಲ್ಲಿ, ವಿಶೇಷವಾಗಿ ಮನೆಯ ಯಜಮಾನರಲ್ಲಿ, ಒಂದೇ ಬಿನ್ನಹ. ನಿಮ್ಮ ಮನೆಯ ನಳ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಅಲ್ಲಿಂದ ಅಡಿಗೆಮನೆಗೆ ಎಷ್ಟು ಮೆಟ್ಟಿಲು, ಮುಂಜಾನೆ ಅಲ್ಲಿ ಬೆಳಕಿದೆಯೇ, ಇದನ್ನು ಒಂದು ಪಾಳಿ ನೀವೇ ತುಂಬಿ ನೋಡಿರಿ. ಆಮೇಲೆ ನಿತ್ಯ ತುಂಬುವವರನ್ನು ಕೇಳಿರಿ. ಗೌಂಡಿಯನ್ನು ಕರೆಯುವುದು ಅದರ ನಂತರ.

ಬರುವ ತಿಂಗಳು ಅಟ್ಟದ ಮೇಲಿನ ಟಾಕಿಯನ್ನು ತೊಳೆಯುವ ಕ್ರಮದ ಬಗ್ಗೆ ಬರೆಯುವ ವಿಚಾರವಿದೆ. ಅಲ್ಲಿಯವರೆಗೆ ಎಲ್ಲರಿಗೂ ಜೈ ಜಿನೇಂದ್ರ.